ಹೋಗುವ ಖರ್ಚು, ಬರುವ ಖರ್ಚು

ಮನೆಯ ಮುಂಗೋಣೆ,
ಮಂಗಳವಾರ, ಬೆಳಗಿನ ಹೊತ್ತು

ಪ್ರೀತಿಯ ಯಜಮಾನರಿಗೆ,

ಎಲ್ಲಿದ್ದೀರೋ ಅಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೊಣಕಾಲು ಹೇಗಿದೆ? ಇಟ್ಟಿಗೆ ಭಟ್ಟಿಯ ಆಚೆಗಿನ ನೇರ ರಸ್ತೆಯಲ್ಲಿ, ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಕಾರು ಬಿಟ್ಟು ಇಳಿದುಹೋದ ಮನುಷ್ಯನ ಮೊಣಕಾಲನ್ನು ವಿಚಾರಿಸಬೇಕಾದವಳು ಹೆಂಡತಿಯೇ. ಪೊಲೀಸರು ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೇಳಿದರು. ಶತ್ರುಗಳಿದ್ದರೇ, ಬೇರೆ ಹೆಂಗಸು ಇದ್ದಳೇ ಎಂದು. ಇದ್ದಾಳೆ ಎಂದೆ. ಅವಳನ್ನು ಅವರೇ ಎಳೆದು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ನನ್ನ ಸಹಿ ಹಾಕಿಸಿಕೊಂಡು ಹೋದರು. ನೀಲಿ ಬಣ್ಣ, ನಾಲ್ಕು ಬಾಗಿಲು, ಮುನ್ನೂರು ಕುದುರೆಗಳ ಬಲ. ವರ್ಷವಾಗುತ್ತಾ ಬಂತು. ನನ್ನ ಸವತಿ ಸೌಖ್ಯ. ಅತ್ತೆಯೂ ಸೌಖ್ಯ, ಕಿವಿ ಮಾತ್ರ ತಮಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ.

ಸವತಿಯನ್ನು ಸಾಕುವುದೆಂದರೆ ಏನೆಂದು ಈಗ ಗೊತ್ತಾಯಿತು. ‘ಹತ್ತು ಕೊಡ್ತಾಳೆ ಕಣೇ, ಲೀಟರಿಗೆ ಹತ್ತು’ ಎಂದು ಮೀಸೆ ತಿರುವುತ್ತಿದ್ದಿರಿ. ಶುದ್ಧ ಸುಳ್ಳು. ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗಿ ಬರುವ ನನಗೆ, ಅದೂ ಸೈಕಲ್ಲಿಗೂ ದಾರಿ ಬಿಟ್ಟುಕೊಂಡು ಓಡಿಸುವವಳಿಗೆ, ಅವಳು ಕೊಡುವುದು ಆರು. ಸಾಮಾನ್ಯ ಪೆಟ್ರೋಲ್ ಅವಳ ನಾಲಿಗೆಗೆ ಸೇರದು. ಬಂಕಿನಲ್ಲಿ ಆ ದುಬಾರಿ ಪೈಪಿನದೇ ಆಗಬೇಕು. ಹಿಂದಿನ ಟೈರಿಗೆ ಒಂದು ಅಳತೆ, ಮುಂದಿನದಕ್ಕೆ ಇನ್ನೊಂದು, ಹಾಗಾಗಿ ಅದಲುಬದಲು ಮಾಡಿ ಉಳಿಸುವ ಹಾಗೂ ಇಲ್ಲ. ಬ್ರೇಕ್ ಪ್ಯಾಡ್ ಬದಲಾಯಿಸಿದ ಮೆಕ್ಯಾನಿಕ್ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ, ಸಾವಿನ ಸುದ್ದಿ ತಂದವನ ಹಾಗೆ ತಲೆ ತಗ್ಗಿಸಿ ಕೊಟ್ಟ. ಇನ್ನು ನಿಮ್ಮ ತಾಯಿ, ದೀಪ ದಂಡವೆಂದು ಮಬ್ಬುಗತ್ತಲಲ್ಲೇ ತರಕಾರಿ ಹೆಚ್ಚುವವರು, ನಾನು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಾರೆ.

ಪ್ರತಿ ಭಾನುವಾರ ನಾನೂ ಅತ್ತೆಯೂ ನೀವು ಇಳಿದ ಜಾಗದವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು ಬರುತ್ತೇವೆ. ಮೊದಲ ಸಲವೇ ಗಮನಿಸಿದೆ: ಭಟ್ಟಿ ದಾಟಿದ್ದೇ ತಡ, ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ಆರರಿಂದ ಇಪ್ಪತ್ತಕ್ಕೆ ಏರಿತು. ವಾಪಸು ಬರುವಾಗ ಅದೇ ರಸ್ತೆಯಲ್ಲಿ ಮೂರು. ಇಳಿಜಾರಿರಬೇಕೆಂದು ಮುಂದಿನ ವಾರ ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಟೆನಿಸ್ ಚೆಂಡನ್ನು ಇಟ್ಟು ನೋಡಿದೆ. ಚೆಂಡು ಕದಲಲಿಲ್ಲ, ಹಿಂದೆ ಬಂದ ಲಾರಿಯವನು ಮಾತ್ರ ನನ್ನ ವಂಶವನ್ನೆಲ್ಲ ಸ್ಮರಿಸಿ ಹೋದ. ಮೀಟರ್ ಕೆಟ್ಟಿದೆ ಎಂದ ಮೆಕ್ಯಾನಿಕ್, ಟ್ಯಾಂಕ್ ತುಂಬಿಸಿ ತಾನೇ ಹೋಗಿ ಅಳೆದು ಬಂದ. ಮೀಟರ್ ಸರಿಯಾಗಿತ್ತು. ‘ಅಕ್ಕಾ, ಇದನ್ನ ನನ್ನ ಹತ್ರ ತರಬೇಡಿ’ ಎಂದ, ಕೂಲಿಯನ್ನೂ ಕೇಳದೆ. ಕೂಲಿ ಕೇಳದ ಮೆಕ್ಯಾನಿಕ್‌ನನ್ನು ಕಂಡು ನನಗೆ ಮೊದಲ ಸಲ ಭಯವಾಯಿತು.

ಆಮೇಲೆ ಆ ಅಗ್ಗದ ರಸ್ತೆ ಉದ್ದವಾಗತೊಡಗಿತು. ಭಟ್ಟಿಯಿಂದ ಶುರುವಾಗುತ್ತಿದ್ದದ್ದು ರೈಲ್ವೆ ಗೇಟಿನಿಂದ ಶುರುವಾಯಿತು, ಮುಂದೆ ಬಂಕಿನಿಂದ, ಆಮೇಲೆ ನಮ್ಮ ಬೀದಿಯ ತಿರುವಿನಿಂದಲೇ. ಬಂಕಿನವನ ಮುಖ ಸಣ್ಣದಾಯಿತು, ಅತ್ತೆಯ ಮುಖ ಅರಳಿತು. ಅದು ನಮ್ಮ ಮನೆಯ ಕಡೆಗೇ ಬರುತ್ತಿದೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಒಂದು ದಿನ ತರಕಾರಿ ಹೆಚ್ಚುತ್ತಾ ಅವರೇ ಅಂದರು: ‘ಹತ್ರ ಹತ್ರ ಬರ್ತಾ ಇದಾನೆ, ನೋಡಿದ್ಯಾ?’

ಮೊನ್ನೆ ಭಾನುವಾರ ನೀವು ಇಳಿದ ಜಾಗದಲ್ಲಿ ಬ್ರೇಕ್ ಒತ್ತಿದರೆ ಸವತಿ ನಿಲ್ಲಲಿಲ್ಲ. ಎಂಜಿನ್ ಆರಿಸಿದೆ. ಮುನ್ನೂರು ಕುದುರೆಗಳೂ ಬಾಯಿ ಮುಚ್ಚಿದವು, ಕಾರು ಮಾತ್ರ ಅದೇ ವೇಗದಲ್ಲಿ ಹೋಗುತ್ತಲೇ ಇತ್ತು. ಗಾಳಿ ಇರಲಿಲ್ಲ; ಆದರೂ ಎರಡೂ ಬದಿಯ ಒಣಹುಲ್ಲು ನಾವು ಹೋಗುವ ದಿಕ್ಕಿಗೇ ಬಾಗಿತ್ತು. ಮೈಲೇಜಿನ ಜಾಗದಲ್ಲಿ ಅಂಕೆಯೇ ಇಲ್ಲ, ಬರೀ ಒಂದು ಗೀಟು. ನಾನು ಹ್ಯಾಂಡ್‌ಬ್ರೇಕಿಗೆ ಜೋತುಬಿದ್ದಿದ್ದರೆ ನಿಮ್ಮ ತಾಯಿ ಎಂದೂ ಇಲ್ಲದ ನೆಮ್ಮದಿಯಿಂದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ‘ಯಾಕೆ ನಿಲ್ಲಿಸ್ತೀಯಮ್ಮಾ, ಖರ್ಚೇನೂ ಆಗ್ತಾ ಇಲ್ವಲ್ಲ’ ಅಂದರು.

ಬದಿಯ ಹಳ್ಳಕ್ಕೆ ಇಳಿಸಿ ನಿಲ್ಲಿಸಿದೆ. ಬಂಪರಿನ ಬೆಲೆ ಕೇಳಬೇಡಿ. ತಿರುಗಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ, ಯಾರೋ ಹಿಂದಿನಿಂದ ಹಿಡಿದೆಳೆಯುತ್ತಿದ್ದಾರೆಂಬಂತೆ ಎಂಜಿನ್ ಅರಚಿ ಅರಚಿ, ತುಂಬಿದ್ದ ಟ್ಯಾಂಕು ತಳ ಕಂಡಿತು. ಆಗ ನೆನಪಾಯಿತು, ಪೊಲೀಸರು ಅವಳನ್ನು ತಂದಾಗಲೂ ಟ್ಯಾಂಕಿನಲ್ಲಿ ಒಂದು ಹನಿ ಇರಲಿಲ್ಲ. ಮೂತಿ ಮನೆಯ ಕಡೆಗಿತ್ತೆಂದೂ ಹೇಳಿದ್ದರು. ಅಂದರೆ ನೀವು ಬಿಟ್ಟುಹೋದವರಲ್ಲ, ವಾಪಸು ಬರಲು ಹೆಣಗಿದವರು. ವರ್ಷಪೂರ್ತಿ ಬೈದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆ ಹತ್ತರ ಸುಳ್ಳಿಗೆ ಬೈದದ್ದೊಂದನ್ನು ಬಿಟ್ಟು.

ಅವತ್ತಿನಿಂದ ಅತ್ತೆ ಹೊತ್ತು ಸಿಕ್ಕಾಗಲೆಲ್ಲ ಅಂಗಳಕ್ಕೆ ಹೋಗಿ ಕಾರಿನಲ್ಲಿ ಕೂರುತ್ತಾರೆ. ಲಾಕ್ ಮಾಡಿದ ಬಾಗಿಲು ಅವರಿಗೆ ಹೇಗೆ ತೆರೆಯುತ್ತದೋ ತಿಳಿಯದು. ಎಬ್ಬಿಸಲು ಹೋದರೆ, ‘ನಿಂಗೆ ಭಯ ಆದ್ರೆ ನೀನಿರು. ಮಗನ್ನ ನೋಡೋಕೆ ನಂಗೇನು ಭಯ’ ಎನ್ನುತ್ತಾರೆ. ಈ ಮನೆಯಿಂದ ಒಬ್ಬರು ಹೋದದ್ದು ಸಾಕು. ನಿಮ್ಮ ತಾಯಿ ನಾನು ಮಾಡಿದ ಸಾರಿಗೆ ಹೆಸರಿಡುತ್ತಾರೆ, ನಾನು ಉರಿಸುವ ದೀಪಗಳನ್ನು ಹಿಂದೆಯೇ ಬಂದು ಆರಿಸುತ್ತಾರೆ. ಆದರೂ ಗೋಡೆಯಾಚೆ ಕೇಳಿಸುವ ಕೆಮ್ಮು ಎಂದು ನನಗೆ ಉಳಿದಿರುವುದು ಅವರದೊಂದೇ. ಅದನ್ನು ಬಿಟ್ಟುಕೊಡಲಾರೆ. ಸವತಿಗೆ ಹಲ್ಲಿನ ಡಾಕ್ಟರೊಬ್ಬರು ಒಳ್ಳೆಯ ಬೆಲೆ ಹೇಳಿದ್ದರು. ಅವರಿಗೂ ಹೆಂಡತಿ ಇದ್ದಾಳಲ್ಲ, ಮನಸ್ಸು ಬರಲಿಲ್ಲ. ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟಿದ್ದೇನೆ. ಮಧ್ಯಾಹ್ನ ಬಂದು ಒಯ್ಯುತ್ತಾನೆ, ಸಂಜೆಗೆ ಬಿಚ್ಚಿಹಾಕುತ್ತಾನೆ. ಅಲ್ಲಿಯವರೆಗೆ ಯಾರೂ ಎಲ್ಲಿಗೂ ಹೊರಡದಿರಲೆಂದು, ತಳದಲ್ಲಿದ್ದ ಪೆಟ್ರೋಲನ್ನೂ ನಿನ್ನೆ ಕ್ಯಾನಿಗೆ ಇಳಿಸಿಟ್ಟೆ. ನಾಳೆ ಬಸ್ಸಿನಲ್ಲಿ ಬಂದು ಈ ಪತ್ರವನ್ನು ಆ ಜಾಗದಲ್ಲಿ ಒಂದು ಕಲ್ಲಿನಡಿ ಇಟ್ಟು ಹೋಗುತ್ತೇನೆ. ಸಿಟ್ಟಾಗಬೇಡಿ.

ಮೊಣಕಾಲಿಗೆ ಬೆಚ್ಚಗೆ ಏನಾದರೂ ಸುತ್ತಿಕೊಳ್ಳಿ. ಅತ್ತೆಯ ಆಶೀರ್ವಾದಗಳು, ಅವರನ್ನು ಇನ್ನೂ ಕೇಳಿಲ್ಲ, ಇಲ್ಲವೆನ್ನುವುದಿಲ್ಲ.

ಇಂತಿ,
ನಿಮ್ಮ ಹಿರಿಯ ಹೆಂಡತಿ

ತಾ.ಕ.: ಆಶೀರ್ವಾದ ಕೇಳೋಣವೆಂದು ಅಂಗಳಕ್ಕೆ ಹೋದೆ. ಕಾರಿಲ್ಲ. ಕೀಲಿ ನನ್ನ ಕೈಚೀಲದಲ್ಲೇ ಇದೆ. ಸದ್ದೂ ಕೇಳಿಸಲಿಲ್ಲ. ಎದುರುಮನೆಯ ಪೇಂಟರ್ ನೋಡಿದನಂತೆ: ಅತ್ತೆ ಯಾವಾಗಲೂ ಕೂರುವ ಪಕ್ಕದ ಸೀಟಿನಲ್ಲೇ ಇದ್ದರಂತೆ, ಸ್ಟೀರಿಂಗಿನ ಹತ್ತಿರ ಯಾರೂ ಇರಲಿಲ್ಲವಂತೆ, ಅತ್ತ ತಿರುಗಿ ನಗುನಗುತ್ತಾ ಮಾತಾಡುತ್ತಿದ್ದರಂತೆ. ಅವನ ಸ್ಕೂಟರ್ ಕೇಳಿದ್ದೇನೆ, ಕ್ಯಾನ್ ತೆಗೆದುಕೊಂಡು ಹೊರಟೆ. ಹೋಗುವುದಕ್ಕೆ ಏನೂ ಬೇಡ, ಬರುವುದಕ್ಕೇ ಬೇಕು. ಇದರಲ್ಲಿರುವುದು ಎಷ್ಟು ದೂರಕ್ಕೆ ಸಾಕೋ. ಲಕೋಟೆ ಕೈಜಾರಿ ಬಿತ್ತು, ಗಾಳಿಯಿಲ್ಲದೆ ಗೇಟಿನ ಕಡೆಗೆ ಜರುಗುತ್ತಿದೆ. ಪತ್ರವನ್ನೂ ಅದರ ಹಿಂದೆಯೇ ಬಿಡುತ್ತೇನೆ, ನನಗಿಂತ ಮೊದಲು ಮುಟ್ಟೀತು. ನಿಮಗೆ ಬರಲಾಗದಿದ್ದರೆ ಬೇಡ. ಅತ್ತೆಯನ್ನು ಮಾತ್ರ ಕಾರಿನಿಂದ ಇಳಿಸಿ, ಮುಖ ಮನೆಯ ಕಡೆಗೆ ತಿರುಗಿಸಿ, ಕೈ ಬಿಡದೆ ಹಿಡಿದು ನಿಂತಿರಿ. ನಾನು ನಿಲ್ಲದೆ ದಾಟಿ ಹೋಗುತ್ತಿದ್ದರೆ, ನನ್ನನ್ನೂ.