ಹುಣಸೆ ಬೀಜದ ಕ್ಯಾಸಿನೊ

ಅಡಾಜಣ್, ಸೂರತ್
ಶನಿವಾರ, 9 ಆಗಸ್ಟ್ 2003

ವಡೋದರಾ ಮಕರಪುರದ ಶ್ರೀ ದಿವಾಕರ ಅವರಿಗೆ ಅಡಾಜಣದಿಂದ ನೀಲಾ ಮಾಡುವ ನಮಸ್ಕಾರ.

ಇಲ್ಲಿ ನಾನು, ಅಮ್ಮ ಇಬ್ಬರೂ ಕ್ಷೇಮ. ನೀವೂ ಕ್ಷೇಮ ಅಂತ ಭಾನುವಾರದ ಫೋನಿನಲ್ಲಿ ಹೇಳಿದಿರಿ. ಅದಕ್ಕಿಂತ ಹೆಚ್ಚು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ವರ್ಷ ಆಗುತ್ತಾ ಬಂತು, ನಮ್ಮ ಫೋನು ಅಂದರೆ ಆರಾಮಾ, ಆರಾಮು, ಅಮ್ಮ ಹೇಗಿದ್ದಾರೆ, ಇಡ್ಲಾ, ಇಷ್ಟೇ. ಅದಕ್ಕೇ ಈ ಸಲ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಇಡ್ಲಾ ಅಂತ ಕೇಳೋಕೆ ನಿಮಗೆ ಬರುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮಿಬ್ಬರ ವಿಷಯದ ಕಾಗದ ಅಲ್ಲ. ಕ್ಯಾಸಿನೊ ವಿಷಯದ್ದು. ನೀವು ಸುಮ್ಮನೆ ಗಾಬರಿಯಾಗಬೇಡಿ, ಖುಷಿಯನ್ನೂ ಪಡಬೇಡಿ.

ನಮ್ಮ ಸೊಸೈಟಿಯ ಸೆಕ್ರೆಟರಿಗೆ ಟೆರೇಸಿನ ರೂಮಿನ ಮೇಲೆ ಕಣ್ಣು ಬಿದ್ದಿದೆ. ಯಾವುದೋ ಮೊಬೈಲ್ ಕಂಪನಿಯವರು ಅಲ್ಲಿ ಟವರ್ ನಿಲ್ಲಿಸುತ್ತಾರಂತೆ. ರೂಮು ಖಾಲಿ ಬಿದ್ದಿದೆ, ನಿಮ್ಮ ಅಪ್ಪ ಹಾಲಪ್ಪನವರೇ ಹೋದ ಮೇಲೆ ಅಲ್ಲಿ ಆಡುವವರು ಯಾರು ಅಂತ ಮೀಟಿಂಗಿನಲ್ಲಿ ಕೇಳಿದ. ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತು ತನ್ನ ಗುಜರಾತಿಯಲ್ಲಿ ದಬಾಯಿಸಿದಳು. ಇಷ್ಟು ವರ್ಷ ಆದರೂ ಅವಳ ಗುಜರಾತಿ ಅವಳಿಗೊಬ್ಬಳಿಗೇ ಅರ್ಥವಾಗುವುದು, ಆದರೆ ಸಿಟ್ಟು ಎಲ್ಲರಿಗೂ ಅರ್ಥವಾಯಿತು. ಕೊನೆಗೆ ತೀರ್ಮಾನ ಏನೆಂದರೆ, ಈ ಸಾತಮ್-ಆಠಮ್‌ಗೆ, ಅಂದರೆ ಶ್ರಾವಣದ ಸಪ್ತಮಿ-ಅಷ್ಟಮಿಗೆ, ಕ್ಯಾಸಿನೊ ತೆರೆದರೆ ರೂಮು ನಮ್ಮದು. ತೆರೆಯದಿದ್ದರೆ ಟವರ್‌ಗೆ. ಅಪ್ಪ ಸೂರತ್ತಿನಲ್ಲಿ ಬಿಟ್ಟುಹೋದ ಆಸ್ತಿ ಅಂದರೆ ಅದೊಂದೇ ಅಲ್ಲವೇ? ಉಳಿದದ್ದೆಲ್ಲ ಹಳೇ ಪ್ಯಾಂಟು, ಕೊಡೆ.

ನಿಮಗೆ ಗೊತ್ತಿರುವ ಕಥೆಯೇ. ಆದರೂ ಸೆಕ್ರೆಟರಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ, ಒಂದು ಸಲ ಕನ್ನಡದಲ್ಲಿ ಹೇಳಿಕೊಳ್ಳುವ ಆಸೆ, ಬೇಜಾರಿಲ್ಲದೆ ಓದಿ. ಅಪ್ಪ ದಾವಣಗೆರೆಯ ಮಿಲ್ಲು ಬಿಟ್ಟು ಇಲ್ಲಿಗೆ ಡೈಯಿಂಗ್ ಮಾಸ್ಟರ್ ಆಗಿ ಬಂದ ವರ್ಷವೇ ಶ್ರಾವಣದಲ್ಲಿ ತಬ್ಬಿಬ್ಬಾದರಂತೆ. ಹೆಂಡ ಮುಟ್ಟದ ಊರು, ಈರುಳ್ಳಿ ಕೂಡ ಮುಟ್ಟದ ಮನೆಗಳು, ಆದರೆ ಕೃಷ್ಣಾಷ್ಟಮಿ ಬಂತೆಂದರೆ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಇಸ್ಪೀಟು ಹಿಡಿದು ಕೂರುವವರೇ. ಅಪ್ಪನೂ ಕೂತರು. ಮರುವರ್ಷ ಪಕ್ಕದ ಬಿಲ್ಡಿಂಗಿನಲ್ಲಿ ದುಡ್ಡು ಕಟ್ಟಿ ಆಡುತ್ತಿದ್ದವರನ್ನು ಪೊಲೀಸರು ಜೀಪಿಗೆ ಹತ್ತಿಸಿದ್ದನ್ನು ಅಮ್ಮ ಬಾಲ್ಕನಿಯಿಂದ ನೋಡಿದಳು. ಅವತ್ತೇ ಅಪ್ಪನ ಕೈಯಲ್ಲಿ ತಾಳಿ ಮುಟ್ಟಿಸಿ ಆಣೆ ಹಾಕಿಸಿದಳು, ಇನ್ನು ದುಡ್ಡಿಟ್ಟು ಆಡಿದರೆ ನೋಡಿ ಅಂತ.

ದುಡ್ಡಿಲ್ಲದಿದ್ದರೆ ಆಟಕ್ಕೆ ರುಚಿ ಇಲ್ಲ. ಅಪ್ಪ ವಾರವೆಲ್ಲ ಯೋಚನೆ ಮಾಡಿ ಕೆಲಸ ಪಣಕ್ಕಿಡುವ ಪದ್ಧತಿ ತಂದರು. ಹುಣಸೆ ಬೀಜ ಹುರಿದು, ಸಿಪ್ಪೆ ಸುಲಿದು, ಮಿಲ್ಲಿನ ಬಣ್ಣದಲ್ಲಿ ಅದ್ದಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಮಾಡಿಕೊಟ್ಟರು. ಸೋತವರು ತಮ್ಮ ಬಣ್ಣದ ಬೀಜ ಗೆದ್ದವರ ಕೈಗೆ ಕೊಡಬೇಕು. ಗೆದ್ದವರು ಒಂದು ಕೆಲಸ ಹೇಳಬೇಕು. ಕೆಲಸ ಮುಗಿದ ಮೇಲೆ ಬೀಜ ವಾಪಸ್ಸು. ಎರಡನೇ ಮಹಡಿಯ ವಜ್ರದ ವ್ಯಾಪಾರಿ ಸೋತು ನಮ್ಮ ಸ್ಕೂಟರ್ ತೊಳೆದದ್ದನ್ನು ನೋಡೋಕೆ ಎದುರು ಬಿಲ್ಡಿಂಗಿನವರೆಲ್ಲ ಬಾಲ್ಕನಿಗೆ ಬಂದಿದ್ದರು. ಮಾತು ಬಿಟ್ಟ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಸೋತು, ಕೊತ್ತಂಬರಿ ಬಿಡಿಸಿಕೊಡುತ್ತಾ ರಾಜಿಯಾದದ್ದೂ ಇದೆ.

ಬಾಗಿಲ ಮೇಲೆ ಅಪ್ಪ ಕನ್ನಡದಲ್ಲಿ ತಾಪಿ ಕ್ಯಾಸಿನೊ ಅಂತ ಬೋರ್ಡು ಬರೆದರು. ಗುಜರಾತಿಯಲ್ಲಿ ಬರೆದರೆ ಪೊಲೀಸರು ಓದುತ್ತಾರಲ್ಲ! ಒಮ್ಮೆ ನಿಜಕ್ಕೂ ಒಬ್ಬ ಪೊಲೀಸ್ ಬಂದು ಇದೇನು ಬರೆದಿದ್ದೀರಿ ಅಂತ ಕೇಳಿದಾಗ ಅಪ್ಪ ಮುಖ ಗಂಟುಹಾಕಿಕೊಂಡು ಭಜನಾ ಮಂಡಳಿ ಅಂದರಂತೆ. ಆತ ಚಪ್ಪಲಿ ಬಿಟ್ಟು ಕೈಮುಗಿದು ಹೋದನಂತೆ.

ಈಗ ತೊಡಕು ಎಲ್ಲಿದೆ ಅಂತ ನಿಮಗೆ ಹೊಳೆದಿರಬೇಕು. ಅಪ್ಪನ ಕಟ್ಟುನಿಟ್ಟಿನ ನಿಯಮ: ಹಳೇ ವರ್ಷದ ಒಂದೇ ಒಂದು ಬೀಜ ಹೊರಗಿದ್ದರೂ ಹೊಸ ವರ್ಷದ ಆಟ ಶುರು ಆಗುವಂತಿಲ್ಲ. ಎಲ್ಲ ಬೀಜ ಬಿಸ್ಕತ್ತಿನ ಡಬ್ಬಿಗೆ ಬರಬೇಕು, ಆಮೇಲೆ ಎಲೆ ಹಂಚುವುದು. ಕಾಯಿಲೆ ಬಿದ್ದಾಗಲೂ ಅಪ್ಪ ಹಾಸಿಗೆಯಲ್ಲಿ ಕೂತು ಯಾರದೋ ಶರ್ಟಿಗೆ ಗುಂಡಿ ಹಾಕಿಕೊಟ್ಟರು. ಉತ್ತರಾಯಣದ ಗಾಳಿಪಟಗಳು ವೈರಿನಿಂದ ಇಳಿಯುವ ಮೊದಲೇ ಅವರು ಹೋದರು. ಆಗ ಅವರ ಹಸಿರು ಬೀಜಗಳೆಲ್ಲ ಡಬ್ಬಿಯಲ್ಲೇ ಇದ್ದವು. ಅದನ್ನು ನೋಡಿ ನನಗೆ ಬಂದಷ್ಟು ಅಳು ಅವರ ಫೋಟೊ ನೋಡಿದಾಗಲೂ ಬರಲಿಲ್ಲ.

ಡಬ್ಬಿಯಲ್ಲಿ ಇಲ್ಲದಿರುವುದು ಒಂದೇ ಬೀಜ ಅಂತ ನಾನು ಅಮ್ಮನಿಗೆ ಹೇಳಿದ್ದೇನೆ. ನೀಲಿ ಬಣ್ಣದ್ದು, ನಿಮ್ಮದು. ಅದು ಎದುರು ಮನೆಯ ಹಂಸಾಬೆನ್ ಅವರ ದೇವರ ಗೂಡಿನಲ್ಲಿ ಕೂತಿದೆ. ಯಾಕೆ ಅಂತ ಬರೆಯಬೇಕೇ?

ಬರೆಯುತ್ತೇನೆ. ಹೋದ ವರ್ಷ ಛಠ್ ದಿನ, ಅಂದರೆ ಸಾತಮ್‌ನ ಹಿಂದಿನ ದಿನ, ಸಂಜೆ ನೀವು ಹಂಸಾಬೆನ್‌ಗೆ ಸೋತಿರಿ. ನಾಳೆ ನಮ್ಮ ಮನೆಯ ನಾಸ್ತಾ ನಿನ್ನ ಪಾಲಿಗೆ ಅಂತ ಅವರು ಅಂದರು. ಹಿಂದಿನ ದಿನವೇ ಮಾಡಿಟ್ಟ ಥೇಪ್ಲಾ ರೊಟ್ಟಿ, ಮೊಸರು ತಟ್ಟೆಗೆ ಹಾಕಿ ಎಲ್ಲರಿಗೂ ಕೊಡು ಅನ್ನುವುದು ಅವರ ಅರ್ಥ. ಶೀತಳಾ ಸಾತಮ್ ದಿನ ಒಲೆ ಹಚ್ಚಬಾರದು, ಎಲ್ಲರೂ ತಣ್ಣಗಿನದನ್ನೇ ತಿನ್ನುವುದು, ತಾಯಿ ಬಂದು ತಣ್ಣಗಿನ ಒಲೆಯಲ್ಲಿ ಹೊರಳಾಡಿ ಹೋಗುತ್ತಾಳೆ ಅನ್ನುವುದು ಇಲ್ಲಿನ ಹಾಲುಗಲ್ಲದ ಮಗುವಿಗೂ ಗೊತ್ತು. ನಮ್ಮ ಯಜಮಾನರು ಮಾತ್ರ, ಅವರೆಲ್ಲ ದೇವಸ್ಥಾನಕ್ಕೆ ಹೋದ ಹೊತ್ತಿಗೆ ಭಕ್ತಿಯಿಂದ ಅಡುಗೆಮನೆಗೆ ನುಗ್ಗಿ, ಗ್ಯಾಸಿನ ಮೇಲಿದ್ದ ಕುಂಕುಮ, ಹೂವು ನೋಡಿ ಎಷ್ಟು ಅಚ್ಚುಕಟ್ಟಾದ ಜನ ಅಂದುಕೊಂಡು, ಹೂವನ್ನು ನಾಜೂಕಾಗಿ ಪಕ್ಕಕ್ಕಿಟ್ಟು, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದರು. ಹಂಸಾಬೆನ್ ಪೂಜೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗ ಸಾಸಿವೆ ಇನ್ನೂ ಚಟಪಟ ಅನ್ನುತ್ತಿತ್ತು.

ಅವರು ಅತ್ತದ್ದು, ಸೊಸೆಯಂದಿರು ಒಲೆಗೆ ನೀರು ಚಿಮುಕಿಸಿದ್ದು, ಅಮ್ಮ ತಪ್ಪಾಯಿತು ಅಂತ ಶೀತಳಾ ತಾಯಿಗೆ ಕನ್ನಡದಲ್ಲೇ ಕೈಮುಗಿದದ್ದು, ಈಗ ನೆನೆದರೆ ನಗು ಬರುತ್ತದೆ. ಅವತ್ತು ಯಾರೂ ನಗಲಿಲ್ಲ. ನಾನು ಓಡಿಬಂದು, ಸೂರತ್ತಿನ ಅಳಿಯನಾಗಿ ಇಷ್ಟೂ ಗೊತ್ತಿಲ್ಲವೇ ಅಂದೆ. ನೀವು, ನಾನು ಯಾರ ಮನೆ ಅಳಿಯನೂ ಅಲ್ಲ, ನನಗೆ ಮಕರಪುರದಲ್ಲಿ ಬಾಡಿಗೆ ಮನೆ ಇದೆ, ಬರುವುದಾದರೆ ಬಾ ಅಂದಿರಿ. ಮೆಟ್ಟಿಲ ಮೇಲೆ ಸೊಸೈಟಿಯ ಅರ್ಧ ಜನ ನಿಂತಿದ್ದರು. ಯಾರದ್ದು ತಪ್ಪು ಅನ್ನುವ ಮಾತು ನಾನು ಎತ್ತುವುದಿಲ್ಲ, ಎತ್ತಿದರೆ ಗೆಲ್ಲುವವಳು ನಾನೇ. ಮಧ್ಯಾಹ್ನದ ಗಾಡಿಗೆ ನೀವು ಹೊರಟಿರಿ. ವಾರವಾರ ಬರುತ್ತಿದ್ದವರು ಆಮೇಲೆ ಅಪ್ಪನ ಕಾರ್ಯಕ್ಕೊಂದು ಬಿಟ್ಟರೆ ಬರಲಿಲ್ಲ. ಆ ಉಪ್ಪಿಟ್ಟನ್ನು ಅಪ್ಪ ಒಬ್ಬರೇ ಕೂತು ತಿಂದರು. ಉಪ್ಪು ಸರಿಯಾಗಿದೆ, ಹುಡುಗನ ಕೈಗುಣ ಒಳ್ಳೆಯದು ಅಂತ ಹೇಳಿದರು. ಇದನ್ನು ನಿಮಗೆ ಇದುವರೆಗೆ ಹೇಳಿರಲಿಲ್ಲ.

ಈಗಿನ ಸುದ್ದಿಗೆ ಬರುತ್ತೇನೆ. ಹಂಸಾಬೆನ್‌ಗೆ ಸಿಟ್ಟಿಲ್ಲ. ಹೋದ ವರ್ಷ ಶೀತಳಾ ತಾಯಿ ಮುನಿದು ಮನೆಮಂದಿಗೆಲ್ಲ ಸಿಡುಬು ಏಳುತ್ತದೆ ಅಂತ ಹೆದರಿ ಕೂತಿದ್ದರು. ಯಾರಿಗೂ ಒಂದು ಬೊಕ್ಕೆ ಏಳಲಿಲ್ಲ. ಬದಲಿಗೆ ಹೋಳಿ ಹೊತ್ತಿಗೆ ದೊಡ್ಡ ಸೊಸೆಗೆ ಗುಂಡುಗುಂಡಾದ ಮಗು ಆಯಿತು. ತಾಯಿಗೆ ಉಪ್ಪಿಟ್ಟು ಹಿಡಿಸಿರಬೇಕು ಅಂತ ಈಗ ಅವರೇ ಎಲ್ಲರ ಹತ್ತಿರ ಹೇಳುತ್ತಾರೆ. ಆದರೆ ಬೀಜ ಮಾತ್ರ ಕೊಡುವುದಿಲ್ಲ. ನಾನೇ ನಾಸ್ತಾ ಮಾಡಿಕೊಡುತ್ತೇನೆ, ಕೊಟ್ಟುಬಿಡಿ ಅಂತ ಗೋಗರೆದೆ. ಸೋತವನೇ ಬಂದು ಮಾಡಬೇಕು, ಇದು ಹಾಲಪ್ಪಭಾಯಿಯ ಕಾನೂನು, ಹೆಂಡತಿಯ ಕೈಯಲ್ಲಿ ಮಾಡಿಸುವುದಾದರೆ ಅದು ಕ್ಯಾಸಿನೊ ಅಲ್ಲ, ಸಂಸಾರ ಅಂದರು.

ದಾರಿ ತೋರಿಸಿದವಳು ಅಮ್ಮ. ಛಠ್ ದಿನ ಎಷ್ಟು ಬೇಕಾದರೂ ಬೇಯಿಸಬಹುದು, ಸಾತಮ್‌ಗೆ ತಣ್ಣಗೆ ಬಡಿಸಬೇಕು, ಅಷ್ಟೇ ತಾನೇ? ನಮ್ಮ ಖಡಕ್ ರೊಟ್ಟಿಗಿಂತ ಬೇಕೇ? ಇವತ್ತು ತಟ್ಟಿದರೆ ತಿಂಗಳಾದರೂ ಹಪ್ಪಳದ ಹಾಗೆ ಮುರಿಯುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಮೊಸರು. ಮಕ್ಕಳಿಗೆ ನಮ್ಮ ದಾವಣಗೆರೆಯ ಖಾರ ಮಂಡಕ್ಕಿ, ಈರುಳ್ಳಿ ಬಿಟ್ಟು. ಮಂಡಕ್ಕಿಗೆ ಇಲ್ಲಿ ಮಮರಾ ಅನ್ನುತ್ತಾರೆ, ಚೌಟಾ ಬಜಾರಿನಿಂದ ತಂದಿಟ್ಟಿದ್ದೇನೆ. ಜೋಳದ ಹಿಟ್ಟೂ ಬೀಸಿಸಿದೆ. ಹಂಸಾಬೆನ್‌ಗೆ ಒಂದು ಚೂರು ರೊಟ್ಟಿ ರುಚಿ ತೋರಿಸಿದ್ದಕ್ಕೆ ಕಣ್ಣು ಅರಳಿಸಿ, ಇದು ನಿಮ್ಮ ಕಡೆ ಮೊದಲಿಂದ ಇತ್ತೇ, ಮತ್ತೆ ನಿನ್ನ ಗಂಡನಿಗೆ ಒಲೆ ಹಚ್ಚುವ ಬುದ್ಧಿ ಯಾಕೆ ಬಂತು ಅಂತ ಕೇಳಿದರು. ಉತ್ತರ ನೀವೇ ಬಂದು ಕೊಡಿ.

ಆದ್ದರಿಂದ ಬರುವ ಸೋಮವಾರವಲ್ಲ, ಅದರ ಮುಂದಿನ ಸೋಮವಾರ ಬೆಳಿಗ್ಗೆಯೇ ಇಲ್ಲಿರಬೇಕು. ಫ್ಯಾಕ್ಟರಿಯಲ್ಲಿ ಮೂರು ದಿನ ರಜೆ ಹೇಳಿ. ಟ್ರಾನ್ಸ್‌ಫಾರ್ಮರ್‌ಗಳು ನೀವಿಲ್ಲದೆಯೂ ಬಿಸಿಯಾಗುತ್ತವೆ. ನಿಮಗೆ ರೊಟ್ಟಿ ತಟ್ಟಲು ಬರುವುದಿಲ್ಲ ಅಂತ ಗೊತ್ತು, ಅಮ್ಮ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳಂತೆ, ಕೈ ಮಾತ್ರ ಹಚ್ಚುವುದಿಲ್ಲವಂತೆ. ಅದೂ ಕಾನೂನೇ.

ಅಮ್ಮನ ಬಗ್ಗೆ ಒಂದು ಮಾತು ಬರೆಯಲೇಬೇಕು. ಅಪ್ಪ ಇರುವಷ್ಟು ದಿನ ಇಸ್ಪೀಟು ಮುಟ್ಟಿದರೆ ಕೈ ತೊಳೆಯುತ್ತಿದ್ದವಳು, ಈಗ ದಿನಾ ಮಧ್ಯಾಹ್ನ ಹಂಸಾಬೆನ್ ಹತ್ತಿರ ಮೂರೆಲೆ ಆಟ ಕಲಿಯುತ್ತಿದ್ದಾಳೆ. ರಾಜ, ರಾಣಿ, ಗುಲಾಮ ಬಂದರೆ ಮುಖ ಬೆಳಗಿಬಿಡುತ್ತದೆ, ಎದುರಿಗಿದ್ದವರು ತಕ್ಷಣ ಎಲೆ ಇಟ್ಟುಬಿಡುತ್ತಾರೆ, ಆದರೂ ಬಿಡುತ್ತಿಲ್ಲ. ಅಪ್ಪನ ಕುರ್ಚಿಯಲ್ಲಿ ಕೂತು ಎಲೆ ಹಂಚುವವಳು ತಾನೇ ಅಂತ ಸಾರಿದ್ದಾಳೆ. ನಿನ್ನೆ ಅಕ್ಕಿ ಆರಿಸುತ್ತಾ ನನ್ನ ಕಡೆ ನೋಡದೆ ಹೇಳಿದಳು: ಹಗಲೆಲ್ಲ ಹಂಸಾ ಇರುತ್ತಾಳೆ, ಶ್ರಾವಣಕ್ಕೆ ಕ್ಯಾಸಿನೊ ಇರುತ್ತದೆ, ನನ್ನನ್ನು ನೋಡಿಕೊಳ್ಳಬೇಕು ಅಂತ ನೀನು ಇಲ್ಲಿ ಕೂತಿದ್ದರೆ ಅದು ನಿನ್ನ ನೆಪ, ನನ್ನ ಮೇಲೆ ಹಾಕಬೇಡ. ನಾನೂ ಒಂದು ಮೊರ ಎಳೆದುಕೊಂಡು ಆರಿಸತೊಡಗಿದೆ. ಅಕ್ಕಿಯಲ್ಲಿ ಈ ಸಲ ಕಲ್ಲು ಜಾಸ್ತಿ.

ಬರುವಾಗ ವಡೋದರಾ ಸ್ಟೇಷನ್ ಹತ್ತಿರದ ಆ ಅಂಗಡಿಯ ಲೀಲೊ ಚೇವಡೊ, ಆ ಸಿಹಿಖಾರದ ತಿಂಡಿ, ತರಬಹುದು. ತರದಿದ್ದರೂ ನಡೆಯುತ್ತದೆ. ನೀವು ಬಂದರೆ ಸಾಕು, ಅಂದರೆ ರೂಮು ಉಳಿಯುತ್ತದೆ ಅಂತ.

ಗೇಟಿನ ಹತ್ತಿರ ಸೆಕ್ರೆಟರಿ ಸಿಕ್ಕಿ ಟವರ್ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಿದರೆ ಗುಜರಾತಿ ಬರುವುದಿಲ್ಲ ಅಂದುಬಿಡಿ, ಅದು ಹೇಗೂ ಸತ್ಯ.

ತಾಪಿ ಕ್ಯಾಸಿನೊ ಉಳಿಯಲಿ ಅಂತ ಹಿಟ್ಟು ಬೀಸಿಸಿಕೊಂಡು ಕಾದಿರುವ,
ನೀಲಾ ದಿವಾಕರ

ತಾ.ಕ.: ಹೊರಗಿರುವುದು ಒಂದೇ ಬೀಜ ಅಂತ ಅಮ್ಮನಿಗೆ ಹೇಳಿದ್ದು ಸುಳ್ಳು. ಎರಡು. ಅವತ್ತು ಹಂಸಾಬೆನ್‌ಗೆ ಸೋಲುವ ಮೊದಲು ನೀವು ನನ್ನನ್ನು ಸೋಲಿಸಿದ್ದಿರಿ. ನನ್ನ ರಾಣಿ ಗುಲಾಬಿ ಬಣ್ಣದ ಬೀಜ ತಗೊಂಡು, ಏನು ಕೆಲಸ ಅಂತ ನಾಳೆ ಹೇಳುತ್ತೇನೆ ಅಂದಿರಿ. ನಾಳೆ ಉಪ್ಪಿಟ್ಟಾಯಿತು. ಎಸೆದಿರುತ್ತೀರಿ ಅಂದುಕೊಂಡಿದ್ದೆ. ಅಪ್ಪನ ಕಾರ್ಯಕ್ಕೆ ಬಂದಾಗ ಆಟೊದವನಿಗೆ ಕೊಡಲು ಪರ್ಸ್ ಬಿಚ್ಚಿದಿರಲ್ಲ, ಅದರಲ್ಲಿ ಬೀಜ ನೋಡಿದೆ. ಆ ಕೆಲಸ ಆಗದೆ ಎಲೆ ಹಂಚುವಂತಿಲ್ಲ, ಆದ್ದರಿಂದ ದಯವಿಟ್ಟು ಕೇಳಿಬಿಡಿ. ಏನು ಕೇಳಬೇಕು ಅಂತ ತೋಚದಿದ್ದರೆ ಒಂದು ಸುದ್ದಿ ಹೇಳುತ್ತೇನೆ: ಮಕರಪುರದಲ್ಲಿ ನಿಮ್ಮ ಮನೆಯ ಹತ್ತಿರದ ಶಾಲೆಗೆ ಗಣಿತದ ಟೀಚರ್ ಬೇಕಂತೆ. ನಾನು ಅರ್ಜಿ ಹಾಕಿ ಇಂಟರ್‌ವ್ಯೂಗೂ ಹೋಗಿಬಂದೆ, ಆಯ್ತು ಅಂದಿದ್ದಾರೆ. ಅವತ್ತು ನಿಮ್ಮ ಬೀದಿಯಲ್ಲೂ ನಡೆದು ಬಂದೆ, ಬಾಗಿಲು ಮಾತ್ರ ತಟ್ಟಲಿಲ್ಲ. ನೀವು ಕೇಳದೆ ನಾನು ಬರುವಂತಿಲ್ಲ, ಕಾನೂನು.