ಮನೆಗೊಬ್ಬಳು ನ್ಯೋಕಾಬಿ

ಕಿಯೆನಿ, ನ್ಯೇರಿ
ಆಗಸ್ಟ್ ೧೨, ಸೋಮವಾರ

ನನ್ನ ಮುದ್ದು ಗಿಚುಹಿ,

ಹೇಗಿದ್ದೀಯಪ್ಪಾ? ದೋಹಾದ ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ತೀಯೋ ಇಲ್ಲವೋ? ನನ್ನ ಮಂಡಿ ಇದ್ದ ಹಾಗೇ ಇದೆ, ಹಸು ಕರು ಹಾಕಿದೆ, ನಿನ್ನ ಹೆಂಡತಿ ವಂಗೆಚಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಫೋನ್ ಯಾವಾಗಲೂ ಅವಳ ಕೈಲೇ ಇರುತ್ತೆ, ಇದು ಅವಳ ಮುಂದೆ ಆಡೋ ಮಾತಲ್ಲ. ಅದಕ್ಕೇ ನಾಳೆ ದೋಹಾಕ್ಕೆ ಹೊರಟಿರೋ ಪಕ್ಕದ ಮನೆಯವನ ಕೈಲಿ ಕಾಗದ ಕಳಿಸ್ತಿದ್ದೀನಿ.

ಇಲ್ಲಿ ಓರ್ಲಾ ಅಂತ ಒಬ್ಬಳು ಬಂದಿದ್ದಾಳೆ, ಐರ್ಲೆಂಡಿನವಳು. ಸಂಬಳವಿಲ್ಲದೆ ಸೇವೆ ಮಾಡ್ತೀನಿ ಅಂತ ಬಂದು, ಮಕ್ಕಳಿಗೆ ಬೂಟು, ಹಾಲಿನ ಪುಡಿ, ಶಾಲೆ ಚೀಲ ಲಾರಿ ತುಂಬ ತಂದು ಹಂಚ್ತಾಳೆ. ಒಳ್ಳೆಯವಳೇ, ಇಲ್ಲ ಅನ್ನಲ್ಲ. ಆದರೂ ಅವಳನ್ನ ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ನಿನ್ನ ದೊಡ್ಡ ಮಗ ಮುರಿಥಿಗೆ ನಿನ್ನಪ್ಪನ ಹೆಸರಿಟ್ಟ ದಿನದಿಂದ ನಾನು ಅವನನ್ನ ಗಂಡಾ ಅಂತಲೇ ಕರೆಯೋದು, ಅವನೂ ಯಜಮಾನನ ಗತ್ತಲ್ಲೇ ಸುಟ್ಟ ಗೆಣಸು ಕೇಳಿ ತಿನ್ನೋನು. ಈಗ ಲಾರಿ ಸದ್ದು ಕೇಳಿದರೆ ಸಾಕು, ಗೆಣಸು ಒಲೆಯಲ್ಲೇ ಬಿಟ್ಟು ಓಡ್ತಾನೆ. ನಿನ್ನಪ್ಪ ಬದುಕಿದ್ದಾಗ ಒಬ್ಬಳ ಹಿಂದೆ ಹೋದೋನಲ್ಲ, ಸತ್ತು ಮತ್ತೆ ಹುಟ್ಟಿ ಬಂದು ಬಿಳಿ ಹುಡುಗಿ ಹಿಂದೆ ಹೋದ ನೋಡು. ಅವಳು ಅಪರೂಪಕ್ಕೆ ಬರ್ತಾಳೆ, ಅವಳಿಗಾಗಿ ಎಲ್ಲರೂ ಕಾಯ್ತಾರೆ. ನಾನು ದಿನಾ ಇಲ್ಲೇ ಬಿದ್ದಿರ್ತೀನಿ, ನನಗೆ ಯಾರು ಕಾಯ್ತಾರೆ?

ಅದನ್ನೂ ನುಂಗಿಕೊಂಡಿದ್ದೆ. ವಂಗೆಚಿಗೆ ನೋವು ಬಂದ ದಿನ ಆಸ್ಪತ್ರೆ ಮುಟ್ಟಿಸಿದ್ದು ಅವಳ ಲಾರಿಯೇ, ಒಪ್ಪಿದೆ. ಆದರೆ ಹಾಲಿನ ಪುಡಿ ಮೂಟೆ ಮೇಲೆ ಕೂತು ದಾರಿಯುದ್ದಕ್ಕೂ ಸೊಸೆಯ ಸೊಂಟ ಹಿಡಿದಿದ್ದು ಯಾರು? ಬಾಣಂತಿಗೆ ಕಪ್ಪವರೆ ಬೇಯಿಸಿ ಹಾಕ್ತಿರೋದು ಯಾರು? ಈಗ ಕೂಸಿಗೆ ಓರ್ಲಾ ಅಂತ ಹೆಸರಿಡ್ತಾರಂತೆ. ಬಾವಿ ಹತ್ತಿರ ಹೆಂಗಸರು ಆಡಿಕೊಳ್ತಿದ್ದರು, ನಾನು ಕಿವಿಯಾರೆ ಕೇಳಿದೆ. ಮೊದಲ ಹೆಣ್ಣುಕೂಸಿಗೆ ಗಂಡನ ತಾಯಿ ಹೆಸರು ಅನ್ನೋದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಎರಡು ಗಂಡಾಗಿ, ಈ ಹೆಣ್ಣಿಗೆ ಅಂತ ಎಷ್ಟು ವರ್ಷ ಕಾದೆ. ನಾನು ಹೋದ ಮೇಲೆ ಈ ಮನೇಲಿ ನ್ಯೋಕಾಬಿ ಅಂತ ಕರೆಯೋಕೆ ಒಬ್ಬಳು ಬೇಡವೇನೋ? ಭಾನುವಾರ ಚರ್ಚಿನಲ್ಲಿ ಹೆಸರಿಡ್ತಾರೆ. ಅಷ್ಟರೊಳಗೆ ವಂಗೆಚಿಗೆ ಫೋನ್ ಮಾಡಿ ಗದರಿಸಿ ಹೇಳು. ನಾನು ಹೇಳಿದೆ ಅನ್ನಬೇಡ.

ದೇವರು ನಿನ್ನ ಕೈಕಾಲು ಗಟ್ಟಿಯಾಗಿ ಇಟ್ಟಿರಲಿ, ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ತಾಯಿ,
ನ್ಯೋಕಾಬಿ

ತಾ.ಕ.: ಲಕೋಟೆ ಅಂಟಿಸ್ತಿದ್ದೆ, ವಂಗೆಚಿ ಬಂದು ಪಕ್ಕ ಕೂತು ಅತ್ತಳು. "ಅತ್ತೇ, ನಾನು ನಿಮ್ಮ ಹೆಸರೇ ಅಂದೆ. ನಿಮ್ಮ ಮಗನೇ ಓರ್ಲಾ ಅಂತಿಡು, ಹೊರದೇಶದ ಹೆಸರಿದ್ದರೆ ಮುಂದೆ ಒಳ್ಳೇದಾಗುತ್ತೆ ಅಂದ್ರು." ಹೌದೇನೋ ಗಿಚುಹಿ? ಮೇಲೆ ಸೊಸೆಗೆ ಅಂದಿದ್ದನ್ನೆಲ್ಲ ನಿನಗೇ ಅಂದೆ ಅಂತ ಓದಿಕೋ. ಅಷ್ಟರಲ್ಲಿ ಓರ್ಲಾ ಬಂದು ಕೂಸನ್ನ ಎತ್ತಿಕೊಂಡು ಹೆಸರೇನು ಅಂದಳು. ನ್ಯೋಕಾಬಿ ಅಂದಳು ವಂಗೆಚಿ, ನನ್ನ ಮುಖ ನೋಡಿಕೊಂಡು. ಆ ಹುಡುಗಿಗೆ ನಾಲಿಗೆ ಹೊರಳೋವರೆಗೂ ಹೇಳಿಸಿದೆ. ದಾರಿಗೆ ಗೆಣಸು ಕಟ್ಟಿಕೊಟ್ಟೆ, ನನ್ನ ಗಂಡನ ಪಾಲಿಂದು. ನೀನು ಫೋನ್ ಮಾಡಬೇಕಾಗಿಲ್ಲ. ಬಂದಾಗ ನಿನಗೆ ಬೇಕಾದ ಹೆಸರು ಹಿಡಿದು ಕೂಗಿಕೋ, ನ್ಯೋಕಾಬಿ ಅನ್ನದೆ ನಿನ್ನ ಮಗಳು ತಿರುಗಿ ನೋಡೋದಿಲ್ಲ.