ಹಿತ್ತಿಲ ಗೋಡೆಯ ಕಂಡಿ

ಸಮೇತನಹಳ್ಳಿ
೨೦ನೇ ಜನವರಿ ೧೯೪೬, ಭಾನುವಾರ

ಯಜಮಾನರ ಪಾದಗಳಿಗೆ ಮುನಿರತ್ನ ಮಾಡುವ ನಮಸ್ಕಾರಗಳು.

ಕಾಲಿನ ಹುಣ್ಣು ಹೇಗಿದೆ? ಜ್ವರ ಬಿಟ್ಟಿತೇ? ದಂಡಿನ ಆಸ್ಪತ್ರೆಯಲ್ಲಿ ಹಾಲು, ಬ್ರೆಡ್ಡು ಕೊಡುತ್ತಾರೆ, ಆದರೂ ಮೈಯಲ್ಲಿ ಬರೀ ಮೂಳೆ ಉಳಿದಿದೆ ಎಂದು ನಿಮ್ಮನ್ನು ನೋಡಿ ಬಂದ ನಿಮ್ಮಣ್ಣ ಹೇಳಿದರು. ಮುದ್ದೆಯಿಲ್ಲದೆ ನಿಮ್ಮ ಹೊಟ್ಟೆ ಎಂದು ತುಂಬಿತ್ತು ಹೇಳಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಸು ಕ್ಷೇಮ, ಅವರೆ ಚೆನ್ನಾಗಿ ಬಂದಿದೆ, ಅತ್ತೆಯವರ ಕಣ್ಣು ಇನ್ನಷ್ಟು ಮಂದವಾಗಿದೆ. ಕೂಲಿಮಠದಲ್ಲಿ ಅಕ್ಷರ ಕಲಿಸಿದ ನನ್ನಪ್ಪನ ಪುಣ್ಯ, ಈ ಕಾಗದ ಬರೆಸಲು ಇನ್ನೊಬ್ಬರ ಮನೆ ಬಾಗಿಲು ಕಾಯಬೇಕಾಗಲಿಲ್ಲ.

ನೀವು ಬದುಕಿದ್ದೀರೆಂಬ ಸುದ್ದಿ ನಿಮ್ಮಣ್ಣನ ಹೆಸರಿಗೆ ಬಂತು. ಹೆಂಡತಿಗೆ ಕಾಗದ ಬರೆಯುವುದು ನಮ್ಮಲ್ಲಿ ರೂಢಿಯಿಲ್ಲ, ಅದಕ್ಕೆ ಬೇಸರವಿಲ್ಲ ಎಂದು ಬರೆಯಬೇಕು. ಆದರೆ ಬೇಸರವಿದೆ. ನಾನು ಕೊಟ್ಟಿಗೆ ಗುಡಿಸುತ್ತಿದ್ದೆ. ಅತ್ತೆಯವರು ಗೋಡೆ ತಡವಿಕೊಂಡು ಬಂದು, "ಲೇ ಮುನಿರತ್ನ, ನಿನ್ನ ಗಂಡ ಪಿಳ್ಳಣ್ಣ ಅವ್ನೆ ಕಣೇ" ಅಂದರು. ಪೊರಕೆ ಹಿಡಿದುಕೊಂಡೇ ಅತ್ತುಬಿಟ್ಟೆ.

ನಿಮ್ಮಣ್ಣ ನಿಮಗೆ ಎಷ್ಟು ಹೇಳಿದ್ದಾರೋ, ಎಷ್ಟು ನುಂಗಿದ್ದಾರೋ, ನನ್ನ ಬಾಯಲ್ಲೂ ಕೇಳಿ. ಗಂಡ ಕಾಣೆಯಾದರೆ ಹನ್ನೆರಡು ವರ್ಷ ಕಾಯಬೇಕೆಂದು ಹಿರಿಯರು ಹೇಳುತ್ತಾರೆ. ಸಿಂಗಪುರ ಜಪಾನಿನವರ ಕೈಗೆ ಬಿದ್ದ ಮೇಲೆ ದಂಡಿನಿಂದ ನಿಮ್ಮ ಸುದ್ದಿ ನಿಂತಿತು. ನಿಮ್ಮಣ್ಣನಿಗೆ ಎರಡು ವರ್ಷಕ್ಕೇ ಸಾಕಾಯಿತು. ಅವರ ಮಗಳು ಭಾಗ್ಯಮ್ಮನಿಗೆ ಗಂಡು ಗೊತ್ತಾಗಿತ್ತು. "ಆ ಮನೇಲಿ ಒಬ್ಬ ಅವ್ನೋ ಇಲ್ವೋ ಗೊತ್ತಿಲ್ಲ, ಸೂತಕದ ಮನೆ ಹೆಣ್ಣು ಹೆಂಗೆ ತರೋದು" ಎಂದು ಬೀಗರು ರಾಗ ಎಳೆದರಂತೆ. ಮದುವೆ ಮನೆಗೆ ಸತ್ತ ಚಿಕ್ಕಪ್ಪನಿಗಿಂತ ಕಾಣೆಯಾದ ಚಿಕ್ಕಪ್ಪನದೇ ತೊಡಕು ಹೆಚ್ಚು. ಜೋಯಿಸರು ಕವಡೆ ಹಾಕಿ ನೀವಿಲ್ಲ ಎಂದರು. ಕೆರೆ ಹತ್ತಿರ ನಿಮ್ಮ ಪಂಚೆ, ಅಂಗಿ ಸುಟ್ಟು, ಎಡೆಯಿಟ್ಟು ನಿಮ್ಮನ್ನು ಮುಗಿಸಿದರು. ನನ್ನ ಬಳೆ ಒಡೆಯಲು ಹೆಂಗಸರು ಬಂದಾಗ ಅತ್ತೆಯವರು ಅಡ್ಡ ಬಂದು, "ಕೊಡವ್ವ ಕೈಯ, ನಾನೇ ಒಡೀತೀನಿ, ಅವ್ರು ಜೋರಾಗಿ ಹೊಡೀತಾರೆ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಅಂದಿನಿಂದ ತಲೆಬಾಗಿಲು ನನ್ನದಲ್ಲ. ಅಕ್ಕಿಯ ಸೇರು ಒದ್ದು, ಬಲಗಾಲಿಟ್ಟು ಒಳಗೆ ಬಂದ ಹೊಸಿಲು ಅದು. ದಿನಾ ಅದನ್ನು ಸಾರಿಸಿ ಅರಿಸಿನ ಕುಂಕುಮ ಇಡುತ್ತಿದ್ದವಳು ನಾನು. ಆ ಕೆಲಸ ವಾರಗಿತ್ತಿಗೆ ಹೋಯಿತು, ಸಗಣಿ ಎತ್ತುವುದು ನನಗೆ ಉಳಿಯಿತು. ನಿಮ್ಮಣ್ಣ ಸಂತೆಗೆ ಹೊರಟರೆ ಎದುರು ಬರಬಾರದು, ಬಿತ್ತನೆ ಬೀಜ ಹೊರಗೆ ತೆಗೆಯುವಾಗ ಬಾಗಿಲಲ್ಲಿ ನಿಲ್ಲಬಾರದು. ಹಿತ್ತಿಲ ಬಾಗಿಲೇ ನನ್ನ ದಾರಿ. ತಿಪ್ಪೆಗೆ ಹೋಗುವ ಕಸ, ಸತ್ತ ಕರು, ನಾನು, ಎಲ್ಲಕ್ಕೂ ಅದೇ. ಭಾಗ್ಯಮ್ಮನ ಧಾರೆಯ ದಿನ ನನ್ನನ್ನು ಉಗ್ರಾಣದಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ಆ ಹುಡುಗಿಗೆ ಎಣ್ಣೆ ಹಚ್ಚಿ, ಜಡೆ ಹಾಕಿ ಬೆಳೆಸಿದವಳು ನಾನು. ಕದದ ಸಂದಿಯಲ್ಲಿ ಅವಳ ಸೀರೆಯ ಅಂಚು ಕಂಡಿತು, ಅಷ್ಟೇ.

ಈಗ ನೀವು ಬರುತ್ತೀರಿ. ಕರ್ಮ ಮಾಡಿಸಿಕೊಂಡವನು ತಲೆಬಾಗಿಲು ದಾಟಿದರೆ ಮನೆಗೆ ಕೇಡಂತೆ. ಅದಕ್ಕೇ ಮೊನ್ನೆ ಜವರಪ್ಪನನ್ನು ಕರೆಸಿ ಹಿತ್ತಿಲ ಗೋಡೆಯಲ್ಲಿ ಕಂಡಿ ಒಡೆಸಿದ್ದಾರೆ. ನೀವು ಅದರಲ್ಲಿ ತೆವಳಿಕೊಂಡು ಒಳಗೆ ಬರಬೇಕು. ಕೂಸಿಗೆ ಎರೆದ ಹಾಗೆ ನೀರೆರೆದು, ಹೊಸದಾಗಿ ಹೆಸರಿಡುತ್ತಾರೆ. ಆಮೇಲೆ ನೀವು ನನಗೆ ಮತ್ತೆ ತಾಳಿ ಕಟ್ಟುವುದು. ನೀವೂ ಮಲಗಿದ್ದಲ್ಲಿಂದಲೇ "ಆಗ್ಲಿ ಬಿಡಣ್ಣ, ನೀನು ಹೇಳ್ದಂಗೆ" ಅಂದಿರಂತೆ. ದನಕ್ಕೂ ಕೊಟ್ಟಿಗೆಯ ಬಾಗಿಲಿದೆ. ಈ ಮನೆಗೆ ಇದುವರೆಗೆ ಕಂಡಿಯಲ್ಲಿ ನುಗ್ಗಿದ್ದು ಹೆಗ್ಗಣ ಮಾತ್ರ.

ನಿಮ್ಮಣ್ಣ ಕೆಟ್ಟವರೆಂದು ನಾನು ಬರೆಯುತ್ತಿಲ್ಲ. ಸುದ್ದಿ ಬಂದ ದಿನ ಅವರೂ ಜಗಲಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಆದರೆ "ತಪ್ಪಾಯ್ತು ಕಣಮ್ಮ" ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ನೀವು ಕಂಡಿಯಿಂದ ಬಂದರೆ, ನೀವು ಸತ್ತಿದ್ದು ನಿಜವೆಂದು ಒಪ್ಪಿದ ಹಾಗೆ. ಆಗ ನನ್ನ ಬಳೆ ಒಡೆದದ್ದೂ ಸರಿ, ಉಗ್ರಾಣದಲ್ಲಿ ಕೂರಿಸಿದ್ದೂ ಸರಿ, ಯಾರದೂ ತಪ್ಪಿಲ್ಲ. ತಲೆಬಾಗಿಲಿಂದ ಬಂದರೆ ನೀವು ಸತ್ತಿರಲೇ ಇಲ್ಲ, ನಾನು ಮುಂಡೆಯಾಗಿರಲೇ ಇಲ್ಲ. ಮಾಡಿದವರು ತಲೆ ತಗ್ಗಿಸಬೇಕಾಗುತ್ತದೆ. ಹೆಂಗಸಿಗೆ ಇಷ್ಟು ಹಟ ಯಾಕೆ ಅನ್ನುತ್ತೀರಿ. ನೀವು ಅಲ್ಲಿ ಪಟ್ಟ ಪಾಡು ದೊಡ್ಡದು, ಅದರ ಮುಂದೆ ನನ್ನದನ್ನು ಅಳೆಯುವುದಿಲ್ಲ. ಆದರೆ ಈ ಹಿತ್ತಿಲಲ್ಲಿ ಓಡಾಡಿದವಳು ನಾನು, ನೀವಲ್ಲ.

ಬಸ್ಸಿನಲ್ಲಿ ಗಾಳಿಗೆ ಕೂರಬೇಡಿ, ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಅತ್ತೆಯವರು ನಿಮಗೆಂದು ಹಿದುಕಿದ ಅವರೆಬೇಳೆ ಒಣಗಿಸಿಟ್ಟಿದ್ದಾರೆ. ಅವರ ಆಶೀರ್ವಾದ ನಿಮ್ಮ ಮೇಲಿರಲಿ.

ಇಂತಿ,
ನಿಮ್ಮವಳು ಎಂದು ಬರೆಯಲು ಈ ಊರಿನ ಅಪ್ಪಣೆ ಇನ್ನೂ ಸಿಗದಿರುವ
ಮುನಿರತ್ನಮ್ಮ

ಮತ್ತೊಂದು ಮಾತು, ಟಪಾಲಿಗೆ ಹೊತ್ತಾಯಿತು. ಗುರುವಾರ ನೀವು ಹೊಸಕೋಟೆಯಲ್ಲಿ ಇಳಿದ ಕೂಡಲೇ ಗಾಡಿ ಹತ್ತಿಸಿ, ಊರೊಳಗೆ ಬಿಡದೆ, ಕೆರೆ ಏರಿಯ ಮೇಲೆ ಸುತ್ತಿಸಿ ಹಿತ್ತಿಲಿಗೆ ತರುತ್ತಾರೆ. ನಾನು ಅಲ್ಲಿ ಇರುವುದಿಲ್ಲ. ತಲೆಬಾಗಿಲ ಎರಡೂ ಕದ ತೆಗೆದು ಹೊಸಿಲ ಒಳಗೆ ನಿಂತಿರುತ್ತೇನೆ, ಯಾರು ಎಳೆದರೂ ಕದಲುವುದಿಲ್ಲ. ಜೋಯಿಸರು ನಿಮಗೆ ಮುನಿರಾಮಯ್ಯ ಎಂದು ಹೆಸರು ಹುಡುಕಿಟ್ಟಿದ್ದಾರೆ. ಕಂಡಿಯಲ್ಲಿ ತೆವಳಿ ಬರುವ ಮುನಿರಾಮಯ್ಯ ಯಾರೋ ನನಗೆ ಗೊತ್ತಿಲ್ಲ, ಅವರ ತಾಳಿಗೆ ನಾನು ಕತ್ತು ಕೊಡುವುದಿಲ್ಲ. ಅದಕ್ಕಿಂತ ಪಿಳ್ಳಣ್ಣನ ಮುಂಡೆಯಾಗಿಯೇ ಇದ್ದುಬಿಡುತ್ತೇನೆ.